ಮಿನಾತೊ ನದಿಯ ಆಚೆ ದಡದ ಭಾವನಿಗೆ

ಅಲ್ ಅಮೇರಾತ್, ಮಸ್ಕತ್
ಶುಕ್ರವಾರ, 14 ನವೆಂಬರ್ 2025

ಮಾತಿನ ಯುದ್ಧದಲ್ಲಿ ನನ್ನನ್ನು ಒಮ್ಮೆಯೂ ಗೆಲ್ಲಲು ಬಿಡದ ಸುಕೇಶ ಭಾವನಿಗೆ,

ತಾಳಮದ್ದಳೆಯಲ್ಲಿ ನಿನ್ನ ಬದ್ಧವೈರಿ ಅಶಿಕಾಗ ತಕಾಉಜಿ, ಅಂದರೆ ನಿನ್ನ ತಂಗಿ ಲೋಲಾಕ್ಷಿಯ ಗಂಡ ಕೊಗ್ಗ, ಮಾಡುವ ನಮಸ್ಕಾರಗಳು.

ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಈ ಕಾಲದಲ್ಲಿ ಕಾಗದ ಬಂತೆಂದರೆ ಒಂದೋ ಬ್ಯಾಂಕಿನವರದ್ದು, ಇಲ್ಲವೇ ಯಮನದ್ದು ಎಂದು ನೀನೇ ಹೇಳುತ್ತಿದ್ದೆ. ಏನು ಮಾಡಲಿ ಮಾರಾಯ, ವಾಟ್ಸಾಪಿನಲ್ಲಿ ನಿನಗೆ ಕಳಿಸಿದ್ದಕ್ಕೆಲ್ಲ ಎಂಟು ತಿಂಗಳಿಂದ ಒಂದೇ ಒಂದು ಬೂದು ಗೆರೆ. ಎರಡನೆಯದು ಬೀಳಲಿ ಎಂದು ಕಾದು ಕಾದು ನನ್ನ ಹಣೆಯ ಮೇಲೆಯೇ ನಾಲ್ಕು ಗೆರೆ ಬಿದ್ದವು. ಹಾಗಾಗಿ ಇದನ್ನು ನಮ್ಮ ತಾಳಮದ್ದಳೆಯ ಸಿರಿಲ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ರುಸೈಲಿನ ಬಿಸ್ಕತ್ತು ಕಾರ್ಖಾನೆಯವರು ನಮ್ಮ ಭಾಗವತನಿಗೆ ಕೊನೆಗೂ ಒಂದು ತಿಂಗಳ ರಜೆ ಕೊಟ್ಟಿದ್ದಾರೆ. ಕಾರ್ಕಳಕ್ಕೆ ಹೋಗಿ ನಿನ್ನ ಕೈಯಲ್ಲೇ ಕೊಡಬೇಕು, ಲೋಲಾಕ್ಷಿಯ ಕೈಯಲ್ಲಿ ಬೇಡ ಎಂದು ಅವನಿಗೆ ಎರಡು ಸಲ ಹೇಳಿದ್ದೇನೆ.

ಕಳೆದ ಶುಕ್ರವಾರ ರಾಜ್ಯೋತ್ಸವದ ಲೆಕ್ಕದಲ್ಲಿ ನಮ್ಮ ತಾಳಮದ್ದಳೆ ಮತ್ತೆ ಆಯಿತು. ಅದೇ ಜಪಾನಿ ಪ್ರಸಂಗ, ನೀನೂ ನಾನೂ ಸೇರಿ ಕಟ್ಟಿದ್ದು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಅದೇ ಹಾಲ್, ಅದೇ ಕೆಮ್ಮುವ ಏಸಿ. ಎದುರು ಕುರ್ಚಿಯಲ್ಲಿ ಕುಸುನೋಕಿ ಮಸಾಶಿಗೆಯಾಗಿ ನೀನಿರಲಿಲ್ಲ, ನಮ್ಮ ಆಫೀಸಿನ ಶ್ರವಣ್ ಇದ್ದ. ಒಳ್ಳೆಯ ಹುಡುಗ. ಮಾತನ್ನೆಲ್ಲ ಫೋನಿನಲ್ಲಿ ಬರೆದುಕೊಂಡು ಬಂದಿದ್ದ. ಚಕ್ರವರ್ತಿಗಾಗಿ ಪ್ರಾಣ ಬಿಡುತ್ತೇನೆಂದು ಘೋಷಿಸುವ ಹೊತ್ತಿಗೆ ಸರಿಯಾಗಿ ಪಿಜ್ಜಾದವನ ಕರೆ ಬಂದು ಫೋನಿನ ತೆರೆಯಿಂದ ಮಾತು ಮರೆಯಾಯಿತು. ಜಪಾನಿನ ಮಹಾವೀರ ರಣರಂಗದ ನಡುವೆ ‘ಎರಡನೇ ಮಹಡಿ ಅಂಕಲ್, ಲಿಫ್ಟ್ ಇಲ್ಲ’ ಎಂದ. ಜನ ನಕ್ಕರು. ನಾನೂ ನಕ್ಕೆ. ಆದರೆ ವೇಷವಿಲ್ಲದ, ಕುಣಿತವಿಲ್ಲದ, ಮಾತೇ ಕತ್ತಿಯಾದ ಈ ಆಟದಲ್ಲಿ ಎದುರಿನವನು ಸರಿಯಿಲ್ಲದಿದ್ದರೆ ಏನು ಗೊತ್ತುಂಟಾ? ಗಾಳಿಗೆ ಕತ್ತಿ ಬೀಸಿ ಬೀಸಿ ನಮ್ಮದೇ ಹೆಗಲು ಬೀಳುತ್ತದೆ.

ಕೊಣಾಜೆಯ ಎಂ.ಎ. ಕ್ಲಾಸು ನೆನಪಿದೆಯಾ? ಊಟದ ನಂತರದ ಪೀರಿಯಡ್ಡು. ಮಧ್ಯಯುಗದ ಜಪಾನು ಹೇಳುತ್ತ ಮೇಷ್ಟ್ರಿಗೇ ತೂಕಡಿಕೆ. ಗೋ-ದೈಗೋ ಎಂಬ ಚಕ್ರವರ್ತಿ, ಅವನನ್ನು ಗದ್ದುಗೆಯಲ್ಲಿ ಕೂರಿಸಲು ಒಟ್ಟಿಗೇ ಹೊಡೆದಾಡಿದ ಇಬ್ಬರು ವೀರರು. ಆಮೇಲೆ ತಕಾಉಜಿ ತಿರುಗಿಬಿದ್ದು ಬೇರೊಬ್ಬ ಚಕ್ರವರ್ತಿಯನ್ನೇ ತಂದು ಕೂರಿಸಿದ. ಮಸಾಶಿಗೆ ತಿರುಗಲಿಲ್ಲ, ಮಿನಾತೊ ನದಿಯ ದಡದಲ್ಲಿ ತಕಾಉಜಿಯ ಎದುರು ಕಾದಿ ಸತ್ತ. ದೇಶಕ್ಕೆ ಎರಡು ಆಸ್ಥಾನ, ಐವತ್ತು ಚಿಲ್ಲರೆ ವರ್ಷದ ಕಾದಾಟ. ಆಗ ಬುದ್ಧಿವಂತ ಮನೆತನಗಳು ಒಬ್ಬ ಮಗನನ್ನು ಈ ಕಡೆಗೆ, ಇನ್ನೊಬ್ಬನನ್ನು ಆ ಕಡೆಗೆ ಕಳಿಸುತ್ತಿದ್ದವಂತೆ. ಯಾರು ಗೆದ್ದರೂ ಮನೆಯ ದೀಪ ಆರಬಾರದು. ಅಲ್ಲಿಯವರೆಗೆ ನಿದ್ದೆಯಲ್ಲಿದ್ದ ನೀನು ತಟ್ಟನೆ ತಲೆಯೆತ್ತಿ, ‘ಸರ್, ಇದು ನಮ್ಮೂರ ಪಂಚಾಯತ್ ಚುನಾವಣೆ’ ಎಂದೆ.

ಮೇಷ್ಟ್ರು ಇನ್ನೊಂದು ಹೇಳಿದ್ದರು. ಯುದ್ಧ ಮುಗಿದ ಮೇಲೆ ಪ್ರತಿಯೊಬ್ಬ ವೀರನೂ ತಾನು ಮಾಡಿದ್ದನ್ನು ತಾನೇ ಬರೆದು ಒಪ್ಪಿಸಬೇಕು. ಎಷ್ಟು ಬಾಣ ನೆಟ್ಟವು, ಕುದುರೆ ಸತ್ತಿತೇ, ನೋಡಿದ ಸಾಕ್ಷಿ ಯಾರು. ದಂಡನಾಯಕ ಅದನ್ನು ಓದಿ ಕೆಳಗೆ ‘ನೋಡಿದೆ’ ಎಂಬರ್ಥದ ಒಂದು ಮಾತು ಬರೆದು ರುಜು ಹಾಕಿದರೆ ಮಾತ್ರ ಬಹುಮಾನ. ಇಂಟರ್ನಲ್ ಮಾರ್ಕ್ಸ್ ಜಪಾನಿನಲ್ಲೂ ಉಂಟು ಎಂದು ನಾವು ಇಡೀ ವರ್ಷ ಆಡಿಕೊಂಡು ನಕ್ಕೆವು.

ಇತಿಹಾಸ ಓದಿದ ಇಬ್ಬರೂ ಕೊನೆಗೆ ಮಸ್ಕತ್ತಿನ ಘಾಲಾದಲ್ಲಿ ಜಪಾನಿ ಕಾರುಗಳ ಬಿಡಿಭಾಗ ಮಾರಲು ಕುಳಿತೆವಲ್ಲ, ಅದಕ್ಕಿಂತ ದೊಡ್ಡ ತಮಾಷೆ ನಾನು ಬೇರೆ ಹೇಳಿಲ್ಲ. ನಮ್ಮ ಧಣಿ ಹಿರಿಯ ಅರ್ಬಾಬ್ ತೀರಿಕೊಂಡು, ಬಿಡಿಭಾಗದ ಅಂಗಡಿಯೇ ಎರಡು ಭಾಗವಾಗಿ, ಅವನ ಗಂಡುಮಕ್ಕಳಿಬ್ಬರಲ್ಲಿ ರಸ್ತೆಯ ಈಚೆ ಅಣ್ಣನದ್ದು, ಆಚೆ ತಮ್ಮನದ್ದು ಎಂದಾದಾಗ ಉಪಾಯ ಹೇಳಿದವನು ನೀನು. ನಮ್ಮ ಅಡುಗೆಮನೆಯಲ್ಲಿ ಕೂತು ಲೋಲಾಕ್ಷಿ ಎರೆದ ನೀರುದೋಸೆಯನ್ನು ಮಡಚುತ್ತ, ‘ಭಾವ, ಒಬ್ಬೊಬ್ಬ ಒಂದೊಂದು ಕಡೆ ಹೋಗುವ. ಯಾವ ದೋಣಿ ಮುಳುಗಿದರೂ ಇನ್ನೊಬ್ಬ ಕೈ ಕೊಡಬೇಕು’ ಎಂದೆ. ಕಾವಲಿಯಿಂದ ಕಣ್ಣೆತ್ತದೆ ಅವಳು, ‘ಕೈ ಕೊಡುವುದಕ್ಕೆ ನಮ್ಮಲ್ಲಿ ಎರಡು ಅರ್ಥ ಉಂಟು ಅಣ್ಣ, ಯಾವುದು ಅಂತ ಈಗಲೇ ಬರೆಸಿಕೋ’ ಎಂದಳು. ನಾವು ನಕ್ಕು ಇನ್ನೆರಡು ದೋಸೆ ಹಾಕಿಸಿಕೊಂಡೆವು.

ನಾನು ಅಣ್ಣನ ಕಡೆ ಉಳಿದೆ, ನೀನು ತಮ್ಮನ ಕಡೆ ದಾಟಿದೆ. ಷರತ್ತು ಒಂದೇ. ನಾವು ನೆಂಟರೆಂದು ಹಳೆ ಅಂಗಡಿಯಲ್ಲೂ ಹೇಳಿರಲಿಲ್ಲ, ಇನ್ನು ಮುಂದೆಯೂ ಯಾರಿಗೂ ತಿಳಿಯಬಾರದು. ಬದ್ಧವೈರಿಗಳ ಮನೆಯಲ್ಲಿ ಭಾವಂದಿರಿದ್ದಾರೆ ಎಂದರೆ ಯಾವ ಅರ್ಬಾಬ್ ತಾನೇ ಗೋದಾಮಿನ ಕೀಲಿ ಕೊಟ್ಟಾನು? ನಾಲ್ಕು ವರ್ಷ ಎಷ್ಟು ಚೆನ್ನಾಗಿ ನಟಿಸಿದೆವು. ಕರಕ್ ಚಹಾದ ಅಂಗಡಿಗೆ ನಾನು ಬಂದರೆ ನೀನು ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಿದ್ದೆ. ಯಾರಾದರೂ ನೋಡಿಯಾರು ಎಂದು ಶುಕ್ರವಾರದ ಊಟಕ್ಕೆ ಬರುವುದನ್ನೂ ನಿಲ್ಲಿಸಿದೆ. ಉಳಿದದ್ದು ತಾಳಮದ್ದಳೆ ಒಂದೇ. ಅಲ್ಲಿ ವೈರಿಗಳಾಗಿರುವುದೇ ಧರ್ಮ. ಮಿನಾತೊ ನದಿಯ ದಡದಲ್ಲಿ, ಸಾವಿರಾರು ಸೈನಿಕರ ಸಮ್ಮುಖದಲ್ಲಿ, ‘ಎಲವೋ ತಕಾಉಜಿ, ನಿನ್ನ ಪಟ್ಟದರಸಿಗೆ ಕೆಮ್ಮು ಕಮ್ಮಿಯಾಯಿತೇ’ ಎಂದು ಮಸಾಶಿಗೆ ಕೇಳಿದ್ದು ಜಗತ್ತಿನ ಇತಿಹಾಸದಲ್ಲಿ ಅದೇ ಮೊದಲು. ಮೂರನೇ ಸಾಲಿನಲ್ಲಿ ಕೂತಿದ್ದ ಪಟ್ಟದರಸಿ ಸೆರಗು ಬಾಯಿಗೆ ಹಿಡಿದದ್ದು ನಗುವುದಕ್ಕೆ ಎಂದು ನಾನು ತಿಳಿದಿದ್ದೆ.

ಮಸಾಶಿಗೆ ಸೋಲಲಿಲ್ಲ, ಅವನನ್ನು ಸೋಲಿಸಿದ್ದು ಅವನ ಆಸ್ಥಾನ ಎಂದು ನೀನು ಯಾವಾಗಲೂ ವಾದಿಸುತ್ತಿದ್ದೆ. ‘ಈಗ ಎದುರು ನಿಲ್ಲುವುದು ಬೇಡ ಪ್ರಭು, ಬೆಟ್ಟಕ್ಕೆ ಸರಿಯೋಣ, ವೈರಿ ರಾಜಧಾನಿಗೆ ಬಂದು ಹಸಿಯಲಿ’ ಎಂದು ಅವನು ಹೇಳಿದ. ಆಸ್ಥಾನದವರಿಗೆ ಅದು ಮರ್ಯಾದೆಗೇಡಾಗಿ ಕಂಡಿತು. ಸಾಯುತ್ತೇನೆ ಎಂದು ಗೊತ್ತಿದ್ದೇ ಹೊರಟ. ಸಣ್ಣ ಅರ್ಬಾಬ್ ಬರ್ಕಾದಲ್ಲಿ ಹೊಸ ಶೋರೂಂ ತೆರೆಯಲು ಹೊರಟಾಗ ನೀನು ಹೇಳಿದ್ದೂ ಅದೇ ಅಲ್ಲವೇ? ಒಂದು ವರ್ಷ ತಡೆಯಿರಿ ಎಂದೆ. ಅವನು ಕೇಳಲಿಲ್ಲ. ಹಾಗಾದರೆ ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ನೀನೇ ಹೋಗಿ ಶಟರ್ ಎತ್ತಿದೆ. ನಿಷ್ಠೆಯೂ ನಷ್ಟವೂ ಅಕ್ಕಪಕ್ಕದ ಮನೆಯವು ಎಂದು ನಾನು ಆಗ ಒಂದು ಚಟಾಕಿ ಹಾರಿಸಿದ್ದೆ. ಚೆನ್ನಾಗಿತ್ತು ಎಂದು ಎಲ್ಲರೂ ಅಂದರು, ನಿನ್ನೊಬ್ಬನನ್ನು ಬಿಟ್ಟು.

ಫೆಬ್ರವರಿಯ ಆ ಕೊನೆಯ ಕೂಟದಲ್ಲಿ ನೀನು ಪ್ರಸಂಗದಲ್ಲಿಲ್ಲದ ಪ್ರಶ್ನೆ ಕೇಳಿದೆ. ‘ತಕಾಉಜಿ, ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದವರು. ನಾಳೆ ನನ್ನ ತಲೆ ನಿನ್ನ ಕೈಗೆ ಬಂದರೆ ಏನು ಮಾಡುತ್ತಿ?’ ಸಿರಿಲ್ ತಾಳ ಹಿಡಿದವನು ಹಾಗೆಯೇ ನಿಲ್ಲಿಸಿದ. ನಾನು, ‘ಬರಲಿ, ಒಳ್ಳೆಯದೇ ಆಯಿತು. ನಮ್ಮ ಕಡೆ ತಲೆ ಇದ್ದವರು ಕಮ್ಮಿ’ ಎಂದೆ. ಹಾಲ್ ಹಾರಿಹೋಗುವಷ್ಟು ನಗು. ನೀನು ಕೈಮುಗಿದು ಪಾತ್ರ ಮುಗಿಸಿದೆ. ನಿನ್ನ ದೋಣಿ ಮುಳುಗುತ್ತಿದೆ ಎಂದು ಹೇಳುತ್ತಿದ್ದೀ ಎಂಬುದು, ನಂಬು, ನನಗೆ ಆಗ ಹೊಳೆಯಲಿಲ್ಲ.

ಮಾರ್ಚ್‌ನಲ್ಲಿ ಆಚೆ ಅಂಗಡಿ ಖಲಾಸ್. ಅಣ್ಣನೇ ಕೊಂಡುಕೊಂಡ. ಸಾಮಾನೆಲ್ಲ ರಸ್ತೆ ದಾಟಿ ನಮ್ಮ ಗೋದಾಮಿಗೆ ಬಂತು, ನೀನು ಬರಲಿಲ್ಲ. ಯಾರನ್ನು ಉಳಿಸಿಕೊಳ್ಳುವುದು ಎಂಬ ಪಟ್ಟಿಯನ್ನು ದೊಡ್ಡ ಅರ್ಬಾಬ್ ತಾನೇ ಮಾಡಿದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿರಲಿಲ್ಲವೇ?

ಈಗ ನಾನು ದಿನವಿಡೀ ನಿನ್ನ ಅಕ್ಷರದ ನಡುವೆ ಕೂರುತ್ತೇನೆ. ಕಪಾಟಿನ ಪ್ರತಿ ಖಾನೆಗೂ ನೀನು ಕನ್ನಡದಲ್ಲಿ ಅಂಟಿಸಿದ ಚೀಟಿಗಳು ಹಾಗೆಯೇ ಇವೆ. ‘ಬ್ರೇಕ್ ಪ್ಯಾಡ್, ಹಳೆ ಮಾಡೆಲ್, ಕೇಳುವವರಿಲ್ಲ.’ ಇಲ್ಲಿ ಅದನ್ನು ಓದಬಲ್ಲವರು ನಾನು ಮತ್ತು ಶ್ರವಣ್. ಜೂನ್‌ನಲ್ಲಿ ಮಗಳು ಸಮೀಕ್ಷಾಳನ್ನು ಊರಿನ ಕಾಲೇಜಿಗೆ ಸೇರಿಸಲು ಹೋದ ಲೋಲಾಕ್ಷಿ ಇನ್ನೂ ಬಂದಿಲ್ಲ. ದಿನಾ ಫೋನ್ ಮಾಡುತ್ತಾಳೆ. ‘ಗ್ಯಾಸ್ ಆಫ್ ಮಾಡಿದಿರಾ’ ಎಂದು ಕೇಳುತ್ತಾಳೆ, ಮಾಡಿದೆ ಎನ್ನುತ್ತೇನೆ, ಇಡುತ್ತಾಳೆ. ನಿಜ ಹೇಳಬೇಕೆಂದರೆ ಗ್ಯಾಸ್ ಹಚ್ಚುವುದೇ ಅಪರೂಪ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ತೊಳೆಯುವಾಗ ತಾಗಿ ಸದ್ದು ಮಾಡಲಿಕ್ಕೂ ಇನ್ನೊಂದಿಲ್ಲ.

ಈಗ ಕಾಗದ ಬರೆಯಲು ಕಾರಣವಾದದ್ದನ್ನು ಹೇಳುತ್ತೇನೆ. ಮೂರು ವಾರದ ಕೆಳಗೆ, ಶುಕ್ರವಾರ, ಬಂದರಿನ ಒಂದು ಕಾಗದಕ್ಕೆ ತುರ್ತಾಗಿ ದೊಡ್ಡ ಅರ್ಬಾಬನ ಸಹಿ ಬೇಕಾಗಿ ಸೀಬ್ ಊರಿನಲ್ಲಿರುವ ಅವರ ತಾಯಿಯ ಮನೆಗೆ ಹೋದೆ. ನೆಂಟರನ್ನು ಕೂರಿಸುವ ಮಜ್ಲಿಸಿನ ನೆಲದ ಮೇಲೆ ಅನ್ನದ ಒಂದು ದೊಡ್ಡ ತಟ್ಟೆ. ಅದರ ಈಚೆ ಅಣ್ಣ, ಆಚೆ ತಮ್ಮ. ತಮ್ಮ ಮಾಂಸದ ಒಳ್ಳೆಯ ತುಂಡು ಹುಡುಕಿ ಹುಡುಕಿ ಅಣ್ಣನ ಕಡೆಗೆ ತಳ್ಳುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ದೊಡ್ಡವನು ನಕ್ಕು ಹಿಂದಿಯಲ್ಲಿ, ‘ಬಾ, ಕೂರು. ಇವನು ಘಾಲಾದಲ್ಲಿ ನನ್ನ ವೈರಿ, ಅಮ್ಮನ ತಟ್ಟೆಯಲ್ಲಿ ನನ್ನ ತಮ್ಮ’ ಎಂದ. ಅಂಗಡಿ ಎರಡಾದ ದಿನದಿಂದ ಒಂದು ಶುಕ್ರವಾರವೂ ತಪ್ಪಿಲ್ಲವಂತೆ.

ಭಾವ, ಆ ತಟ್ಟೆಯ ಎದುರು ಕೂತಾಗ ನನಗೆ ಬಂದದ್ದು ನಗುವೋ ಇನ್ನೇನೋ ಹೇಳಲಾರೆ. ಇವರಿಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಅಷ್ಟೂ ಶುಕ್ರವಾರ, ಇವರ ವೈರಕ್ಕೆ ನಿಷ್ಠರಾಗಿ ನಾವಿಬ್ಬರು ಬೇರೆ ಬೇರೆ ಊಟ ಮಾಡಿದೆವು. ಸಣ್ಣವನು, ‘ಸುಕೇಶ್ ಹೇಗಿದ್ದಾನೆ, ನಿನಗೆ ಗೊತ್ತಾ? ಅವನ ಮಾತು ಕೇಳಬೇಕಿತ್ತು’ ಎಂದ. ಅವನು ನನ್ನ ಹೆಂಡತಿಯ ಅಣ್ಣ ಎಂದೆ. ಇಬ್ಬರ ಕೈಗಳೂ ನಿಂತವು. ದೊಡ್ಡವನು, ‘ಮತ್ತೆ ಹೇಳಲಿಲ್ಲ ಯಾಕೆ’ ಎಂದು ಕೇಳಿದ. ನಾನು ಬಂದರಿನ ಕಾಗದವನ್ನು ಅವನ ಮುಂದೆ ಚಾಚಿ ಸಹಿಯ ಜಾಗ ತೋರಿಸಿದೆ.

ಅದಕ್ಕೇ ಕಳೆದ ವಾರ ಪ್ರಸಂಗಕ್ಕೆ ಒಂದು ಪದ್ಯ ಸೇರಿಸಿದೆ. ಗೆದ್ದ ತಕಾಉಜಿ ಮಸಾಶಿಗೆಯ ತಲೆಯನ್ನು ಮರ್ಯಾದೆಯಿಂದ ಅವನ ಹೆಂಡತಿ ಮಕ್ಕಳಿಗೆ ಹಿಂದೆ ಕಳಿಸಿದ ಎಂದು ಹಳೆಯ ಕಥನದಲ್ಲಿದೆ. ತಲೆ ಹೋದವನಿಗೆ ಅರ್ಥ ಹೇಳುವ ಕೆಲಸವಿಲ್ಲ ಎಂದು ನೀನು ಯಾವಾಗಲೂ ಆ ಭಾಗ ಹಾರಿಸುತ್ತಿದ್ದೆ. ಸಿರಿಲ್ ಪದ್ಯ ಹಾಡಿ ಮುಗಿಸಿದ. ಇನ್ನು ನಾನು ಅರ್ಥ ಹೇಳಬೇಕು. ಬಾಯಿ ತೆರೆದೆ, ಮಾತು ಬರಲಿಲ್ಲ. ಎರಡು ನಿಮಿಷವಾದರೂ ಆಗಿರಬೇಕು. ಶ್ರವಣ್ ಪಾಪ, ತನ್ನ ಫೋನನ್ನೇ ನನ್ನ ಕಡೆ ತಿರುಗಿಸಿ ಹಿಡಿದ. ಜನ ಅದನ್ನು ಅಭಿನಯವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷ ಮಾತಾಡಿ ಸಿಗದ ಚಪ್ಪಾಳೆ.

ಈ ಕಾಗದದ ಜೊತೆ ನಿನ್ನ ನೀಲಿ ಬೈಂಡಿನ ಪುಸ್ತಕ ಇಟ್ಟಿದ್ದೇನೆ. ಯಾವ ಕಾರಿಗೆ ಯಾವ ಭಾಗ ಕೂರುತ್ತದೆ ಎಂದು ನೀನು ವರ್ಷಗಟ್ಟಲೆ ಬರೆದಿಟ್ಟದ್ದು, ಸಾಮಾನಿನ ಜೊತೆ ಬಂದಿತ್ತು. ನಿನ್ನ ತಲೆ ಇರುವುದು ಅದರಲ್ಲೇ. ಮರ್ಯಾದೆಯಿಂದ ಹಿಂದೆ ಕಳಿಸುತ್ತಿದ್ದೇನೆ.

ಅತ್ತೆಯವರಿಗೆ ನಮಸ್ಕಾರ ಹೇಳು. ಸಮೀಕ್ಷಾಳಿಗೆ ನನ್ನ ಮೆಸೇಜುಗಳಿಗೆ ಕನ್ನಡದಲ್ಲಿ ಉತ್ತರ ಕೊಡಲು ಹೇಳು.

ಇತಿ, ಗೆದ್ದೂ ಒಬ್ಬನೇ ಉಣ್ಣುವ
ನಿನ್ನ ಕೊಗ್ಗ ಭಾವ

ತಾ.ಕ.: ಮೇಲೆ, ನನ್ನನ್ನು ಯಾರೂ ಕೇಳಲಿಲ್ಲ ಎಂದು ಬರೆದಿದ್ದೇನೆ. ಅದು ಸುಳ್ಳು. ನಿನ್ನ ಪ್ರಶ್ನೆ ಹೊಳೆಯಲಿಲ್ಲ ಎಂದದ್ದೂ ಸುಳ್ಳು, ಹೊಳೆದೇ ನಗಿಸಿದ್ದೆ. ಆ ಕೂಟ ಕಳೆದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡ ಅರ್ಬಾಬ್ ಪಟ್ಟಿ ಮುಂದಿಟ್ಟುಕೊಂಡು ಚಹಾ ತರಿಸಿ ಕೇಳಿದ್ದ, ‘ಆಚೆ ಅಂಗಡಿಯ ಸುಕೇಶ್ ಹೇಗೆ? ಇಟ್ಟುಕೊಳ್ಳಲಾ?’ ಎಂದು. ನೆಂಟಸ್ತಿಕೆ ಗೊತ್ತಾದರೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಕೆಲಸ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಕುರ್ಚಿ ಒಂದೇ. ನಾನು, ‘ಅವನು ಬಹಳ ನಿಷ್ಠಾವಂತ ಅರ್ಬಾಬ್. ಹಳೆಯ ಯಜಮಾನನನ್ನು ಬಿಟ್ಟು ಬರುವವನಲ್ಲ’ ಎಂದೆ. ಅವನು ತಲೆಯಾಡಿಸಿ ನಿನ್ನ ಹೆಸರಿನ ಮೇಲೆ ಗೆರೆ ಎಳೆದ. ನಿನ್ನನ್ನು ಹೊಗಳಿಯೇ ಹೊರಗೆ ಹಾಕಿದೆ. ಅವತ್ತು ಸಂಜೆ ಲೋಲಾಕ್ಷಿ, ‘ಅರ್ಬಾಬರು ನನ್ನ ಅಣ್ಣನ ವಿಷಯ ಕೇಳಿದರಾ’ ಎಂದಳು. ಇಲ್ಲ ಎಂದೆ. ಅವಳು ಆಮೇಲೆ ಕೇಳಲಿಲ್ಲ.

ಹಾಗಾಗಿ ಆ ಜಪಾನಿನವರ ಪದ್ಧತಿಯಂತೆ ನಾನು ಮಾಡಿದ್ದನ್ನು ನಾನೇ ಬರೆದು ಒಪ್ಪಿಸಿದ್ದೇನೆ. ನೆಟ್ಟ ಬಾಣ ಇಲ್ಲ, ಸತ್ತ ಕುದುರೆ ಇಲ್ಲ, ಸಾಕ್ಷಿಗೆ ಒಂದು ಲೋಟ ಚಹಾ. ಬಹುಮಾನ ಬೇಡ, ಕ್ಷಮೆಯನ್ನೂ ಕೇಳುತ್ತಿಲ್ಲ. ಮೊದಲು ನೀನು ಓದು, ಆಮೇಲೆ ಲೋಲಾಕ್ಷಿಗೆ ಗಟ್ಟಿಯಾಗಿ ಓದಿ ಹೇಳು. ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ಅಲ್ಲಿ ‘ನೋಡಿದೆ’ ಎಂದು ಬರೆದು ರುಜು ಹಾಕಿ ಸಿರಿಲ್ ಕೈಯಲ್ಲಿ ಹಿಂದೆ ಕಳಿಸು. ಬೇರೇನೂ ಬರೆಯಬೇಡ. ಬರೆದರೆ ನಾನು ಅದರಲ್ಲೂ ಒಂದು ತಮಾಷೆ ಹುಡುಕುತ್ತೇನೆ.