ನೀನು ಕಳಿಸಿದ ಕುರ್ಚಿ

ಸವಾಯಿ ದ್ವೀಪ
ಆಗಸ್ಟ್ ೧೪, ಬುಧವಾರ

ಆಕ್ಲೆಂಡಿನಲ್ಲಿರುವ ಅಕ್ಕ ಮೊಎಲಾಗಿಗೆ,

ಸುಖವಾಗಿದ್ದೀಯಾ ಎಂದು ಕೇಳುವುದಿಲ್ಲ. ಉತ್ತರ ತಿಳಿಯುವ ಆಸೆ ನನಗಿಲ್ಲ, ಸುಮ್ಮನೆ ಯಾಕೆ ಕೇಳಲಿ?

ಫೋನಿನಲ್ಲಿ ನೀನಂದೆ: "ಶಾಲೆ ಅರ್ಧಕ್ಕೆ ಬಿಟ್ಟೆ, ಅಪ್ಪನ ವ್ಯಾಯಾಮಾನೂ ಅರ್ಧಕ್ಕೆ ಬಿಟ್ಟೆ. ಒಂದು ಮಂಡಿ ಬಗ್ಗಿಸೋಕೂ ಆಗಲಿಲ್ವಾ ನಿನಗೆ?" ನಾನು ಫೋನ್ ಇಟ್ಟುಬಿಟ್ಟೆ. ಉತ್ತರ ಇಲ್ಲಿದೆ.

ಅಲ್ಲಿನ ಆಸ್ಪತ್ರೆಯಲ್ಲಿ ಮಂಡಿಚಿಪ್ಪು ಬದಲಿ ಮಾಡಿಸಿ ನೀನು ಅಪ್ಪನನ್ನು ವಿಮಾನ ಹತ್ತಿಸಿದೆಯಲ್ಲ, ಅಲ್ಲಿಂದ ಎಂಟು ತಿಂಗಳು, ದಿನಕ್ಕೆ ಮೂರು ಸಲ, ಅಪ್ಪನ ಪಾದಕ್ಕೆ ಟವೆಲ್ ಸುತ್ತಿ ಎಳೆಸಿದ್ದೇನೆ. ಹಲ್ಲು ಕಚ್ಚುತ್ತಾರೆ, ನನ್ನನ್ನು ಬೈಯುತ್ತಾರೆ, ಆಮೇಲೆ ತಲೆ ಸವರುತ್ತಾರೆ. ಹಳೆಯ ನೋವು ಹೋಗಿದೆ, ಅದು ನಿಜ. ಚರ್ಚಿಗೆ ಕೋಲಿಲ್ಲದೆ ನಡೆಯುತ್ತಾರೆ. ಆದರೆ ಮಂಡಿ ಅರ್ಧ ಬಾಗಿ ಅಲ್ಲೇ ನಿಲ್ಲುತ್ತದೆ. ಬೆಳಗ್ಗೆ ಏಳುವಾಗ ಮರದ ಕೊರಡು. ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾರೆ. ಚಕ್ಕಳಮಕ್ಕಳ ಹಾಕುವುದಂತೂ ಮುಗಿದ ಮಾತು. "ಒಳಗಿನ ಗಾಯ ಬಿಗಿದುಕೊಂಡಿದೆ, ಕೆಲವರಿಗೆ ಹೀಗಾಗುತ್ತೆ, ಯಾರ ತಪ್ಪೂ ಅಲ್ಲ" ಎಂದರು ಡಾಕ್ಟರು. ನಿನಗೆ ಹೇಳಿದೆ. ನೀನು ಕೇಳಿಸಿಕೊಳ್ಳಲಿಲ್ಲ, ಬೈಯಲು ಒಬ್ಬರು ಬೇಕಿತ್ತು.

ಆದರೂ ಅಪ್ಪ ಪ್ರತಿ ಸೋಮವಾರ ಊರ ಮುಖ್ಯಸ್ಥರ ಸಭೆಗೆ ಹೋಗುತ್ತಿದ್ದರು. ನಮ್ಮ ಮನೆತನದ ಪರವಾಗಿ ಮಾತಾಡುವವರು ಅವರೇ ತಾನೆ. ಸಭೆಮನೆಯಲ್ಲಿ ತಮಗೆ ಮೀಸಲಾದ ಕಂಬಕ್ಕೆ ಒರಗಿ, ಕಾಲು ನೀಡಿ, ಅದರ ಮೇಲೆ ಚಾಪೆ ಹೊದಿಸಿ ಕೂರುತ್ತಿದ್ದರು. ಬರಿಗಾಲು ಚಾಚಿದರೆ ಎದುರಿನವರಿಗೆ ಅವಮಾನ. ಚಾಪೆ ಹೊದ್ದರೆ ಇಲ್ಲ. ದೊಡ್ಡ ಮುಖ್ಯಸ್ಥ ಸಿಲಿಪಾ ಗೇಲಿ ಮಾಡುತ್ತಿದ್ದರು: "ಏನಯ್ಯಾ, ಚಾಪೆ ಕೆಳಗೆ ಹಂದಿಮರಿ ಮಲಗಿಸಿದ್ದೀಯಾ?" ಅಪ್ಪ, "ಹೌದು ದೊರೆ, ನ್ಯೂಜಿಲೆಂಡ್ ತಳಿ, ಬಗ್ಗಲ್ಲ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಯಾರೋ ಅದರ ಫೋಟೊ ನಿನಗೆ ಕಳಿಸಿದರು. "ಭಿಕ್ಷುಕನ ಥರ ಕಾಲು ಚಾಚಿ ಕೂತಿದಾರೆ, ನನಗೆ ನಾಚಿಕೆ" ಅಂದೆ. ಹಡಗಿನಲ್ಲಿ ಕುರ್ಚಿ ಕಳಿಸಿದೆ. ಎತ್ತರದ್ದು, ಕೈ ಇರುವುದು. ಎಲ್ಲರೂ ನೆಲದಲ್ಲಿ ಕೂತಿರುವಾಗ ಯಾರ ತಲೆಯೂ ದೊಡ್ಡ ಮುಖ್ಯಸ್ಥರ ತಲೆಗಿಂತ ಮೇಲಿರಬಾರದು. ಅಲ್ಲಿನ ಹದಿನೆಂಟು ವರ್ಷದಲ್ಲಿ ನೀನು ಇದನ್ನೂ ಮರೆತೆ.

ಮೊನ್ನೆ ಸೋಮವಾರ ಅಪ್ಪ ಕುರ್ಚಿಯಲ್ಲಿ ಕೂತರು. ಆ ಸಭೆಮನೆಗೆ ಗೋಡೆಯಿಲ್ಲವಲ್ಲ, ಹೊರಗೆ ನಿಂತೇ ಎಲ್ಲ ನೋಡಿದೆ. ಒಬ್ಬರೂ ನಗಲಿಲ್ಲ. ಸಿಲಿಪಾ ಮೆಲ್ಲಗೆ, "ಇವತ್ತು ನಾವೆಲ್ಲ ಕತ್ತೆತ್ತಿ ತಮ್ಮನ್ನ ನೋಡಬೇಕೇನೋ?" ಎಂದರು. ಅಪ್ಪನಿಗೆ ಅವರು 'ತಾವು' ಅಂದದ್ದು ಅದೇ ಮೊದಲು. ಸಭೆಯಲ್ಲಿ ಸರದಿಯಂತೆ ಎಲ್ಲರಿಗೂ ಕೊಡುವ ಆವ ಬೇರಿನ ಪಾನೀಯದ ಬಟ್ಟಲು ಅಪ್ಪನನ್ನು ದಾಟಿ ಪಕ್ಕದವರಿಗೆ ಹೋಯಿತು. ಅಪ್ಪ ಗಡಿಬಿಡಿಯಲ್ಲಿ ನೆಲಕ್ಕಿಳಿಯಲು ಹೋದರು. ಕಾಲು ಬಾಗಲಿಲ್ಲ. ಮುಗ್ಗರಿಸಿ ಬಿದ್ದರು. ಎತ್ತಲು ಯಾರೂ ಕೈ ಚಾಚಲಿಲ್ಲ, ನಾನೇ ಓಡಿದೆ.

ಈಗ ಅವರು ಸಭೆಗೆ ಹೋಗುವಂತಿಲ್ಲ. ನಮ್ಮ ಮನೆಯವರು ಕ್ಷಮೆ ಕೇಳದಿದ್ದರೆ, ತಿಂಗಳ ಕೊನೆಯ ಸಭೆಯಲ್ಲಿ ಮಾತಿನ ಹಕ್ಕು ಚಿಕ್ಕಪ್ಪ ಫಾಲಾನಿಕೊಗೆ ಹೋಗುತ್ತದೆ. ಚಿಕ್ಕಪ್ಪ ಈಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ಇಷ್ಟಕ್ಕೆಲ್ಲ ಕಾರಣ ನಿನ್ನ ನಾಚಿಕೆ. ಬಂದು ಸಿಲಿಪಾ ಅವರ ಮನೆ ಮುಂದೆ ಕ್ಷಮೆ ಬೇಡಿ ನೆಲದ ಮೇಲೆ ಕೂರು.

ನಿನ್ನ ತಂಗಿ
ಪುವಾ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ: ಭಾನುವಾರ ಚರ್ಚಿನಿಂದ ಬಂದು ಉಣ್ಣುವಾಗ ಅಪ್ಪ, "ಈ ಕುರ್ಚಿ ಸಭೆಗೆ ಹೋಗೋ ವಸ್ತು ಅಲ್ಲ ಮಗಳೇ, ಅಡುಗೆಮನೇಲಿರಲಿ" ಎಂದಿದ್ದರು. ನಾನು, "ಸಿಲಿಪಾ ಅವರನ್ನ ಕೇಳಿ ಬಂದೆ, ತನ್ನಿ ಅಂದರು" ಎಂದೆ. ಕೇಳಿರಲಿಲ್ಲ. ಸಭೆಯವರು ನಿನ್ನ ಕುರ್ಚಿಯನ್ನು ಊರೆಲ್ಲ ನೋಡುವ ಹಾಗೆ ಹೊರಗೆಸೆಯಲಿ ಎಂಬ ಆಸೆ ನನಗೆ. ಅದರಲ್ಲಿ ಕೂರುವವರು ಯಾರೆಂದು ಯೋಚಿಸಲಿಲ್ಲ. ಬಿದ್ದಾಗಲೂ ಅಪ್ಪ ನನ್ನ ಹೆಸರೆತ್ತಲಿಲ್ಲ. ಹಾಗಾಗಿ ಮೇಲೆ ನಿನ್ನನ್ನು ಬಾ ಎಂದು ಬರೆದದ್ದನ್ನು ಹೊಡೆದುಹಾಕು. ನಾಳೆ ಬೆಳಗಾಗುವ ಮೊದಲು ನಯವಾಗಿ ಹೆಣೆದ ನಮ್ಮ ಮನೆತನದ ಚಾಪೆಯನ್ನು, ಕ್ಷಮೆ ಬೇಡುವವರು ಹೊದೆಯುವ ಹಾಗೆ, ತಲೆಗೆ ಹೊದ್ದು ಅವರ ಮನೆ ಮುಂದೆ ನಾನೇ ಕೂರುತ್ತೇನೆ. ನಿನಗೆ ಈ ಪತ್ರ ತಲುಪುವ ಹೊತ್ತಿಗೆ ಸಿಲಿಪಾ ಕ್ಷಮಿಸಿ ಆ ಚಾಪೆ ತೆಗೆದು ನನ್ನ ಮುಖ ನೋಡಿರುತ್ತಾರೆ. ಇಲ್ಲವಾದರೆ ನಾನು ಇನ್ನೂ ಅಲ್ಲೇ ಇರುತ್ತೇನೆ.