ಬೀಜಕ್ಕೆ ಬಿಟ್ಟ ಕಹಿ ಮೆಂತ್ಯ

ಘಟಪ್ರಭೆಯ ದಂಡೆ, ನೆಲಮನೆಗಳ ಓಣಿ
ಬೇಸಿಗೆಯ ಒಂಬತ್ತನೇ ತಿಂಗಳು, ಕ್ರಿ.ಶ. ೨೩೧೪

ಹಿಂದಿನ ಕಾಲದ ತಾಯಂದಿರಿಗೆ ಹಾಲವ್ವನ ಶರಣು.

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಎಷ್ಟೋ ಮಾತುಗಳನ್ನು ನಾವು ಕಳೆದುಕೊಂಡಿದ್ದೇವೆ, ಕೆಲವನ್ನು ಹೊಸದಾಗಿ ಕಟ್ಟಿಕೊಂಡಿದ್ದೇವೆ. ಕಾಗದ ಹಿಂದಕ್ಕೆ ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೂ ಹೊಟ್ಟೆಯೊಳಗಿನದನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕಲ್ಲ. ಈ ಓಣಿಯಲ್ಲಿ ಎಲ್ಲರಿಗೂ ಅವರವರ ಸಂಕಟವೇ ಸಾಕಾಗಿದೆ.

ಬಿಸಿಲು ತಾಳಲಾರದೆ ನಾವು ನೆಲದಡಿ ವಾಸ ಮಾಡುತ್ತೇವೆ. ಅದಕ್ಕೇ ನೆಲಮನೆ ಎಂಬ ಹೆಸರು. ಜೋಳ ಈಗ ಹಬ್ಬಕ್ಕಷ್ಟೇ. ದಿನದ ಊಟ ಅಚ್ಚುಬುತ್ತಿ, ಎಂದರೆ ಕೊಬ್ಬು ಮತ್ತು ಹಿಟ್ಟು ಸೇರಿಸಿ ಒತ್ತಿದ, ಸೋಪಿನ ಬಿಲ್ಲೆಯಂಥ ತುಂಡು. ಅದು ಹೊಟ್ಟೆಯನ್ನೂ ತುಂಬುತ್ತದೆ, ರಕ್ತನಾಳಗಳನ್ನೂ ತುಂಬುತ್ತದೆ. ನೀವು ಕೊಲೆಸ್ಟ್ರಾಲ್ ಎನ್ನುತ್ತಿದ್ದುದನ್ನು ನಾವು ಜಿಡ್ಡು ಎನ್ನುತ್ತೇವೆ. ಪ್ರತಿ ಮನೆಯ ಗೋಡೆಗೂ ಒಂದು ನಾಳಗನ್ನಡಿ ಇದೆ. ಎದುರಿಗೆ ನಿಂತರೆ ಎದೆಯಲ್ಲಿ ಜಿಡ್ಡು ಎಷ್ಟು ಕೂತಿದೆಯೆಂದು ತೋರಿಸುತ್ತದೆ. ತೋರಿಸುವುದಷ್ಟೇ ಅದರ ಕೆಲಸ. ಔಷಧಿ ಕಾರ್ಖಾನೆಗಳು ನನ್ನ ಅಜ್ಜಿಯ ಕಾಲಕ್ಕೇ ಮುಚ್ಚಿದವು. ನಮ್ಮ ಹೆಣ್ಣುಮಕ್ಕಳು ತಲೆ ಬಾಚಿಕೊಳ್ಳುತ್ತಲೇ ತಮ್ಮ ಸಾವನ್ನೂ ನೋಡಿಕೊಳ್ಳುತ್ತಾರೆ. ನನ್ನ ಮಗಳು ಕಮಲಾಕ್ಷಿಗೆ ಇಪ್ಪತ್ತಾರು ವರ್ಷ. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾಳೆ.

ನಿಮ್ಮ ಕಾಲದ ಮೆಂತ್ಯ ಕಹಿಯಾಗಿತ್ತಂತೆ. ಆ ಕಹಿಯ ಜೊತೆಗಿದ್ದ ಸತ್ವ ಜಿಡ್ಡನ್ನು ಹೊಟ್ಟೆಯಲ್ಲೇ ತಡೆದು ಹೊರಹಾಕುತ್ತಿತ್ತು ಎಂದು ನಮ್ಮ ವೈದ್ಯರು ಹೇಳುತ್ತಾರೆ. ನಮ್ಮ ಮೆಂತ್ಯ ಸಿಹಿ. ಅದನ್ನು ಯಾವ ವಿಜ್ಞಾನಿಯೂ ಕೆಡಿಸಲಿಲ್ಲ, ಅಜ್ಜಿಯರ ಮಮತೆ ಕೆಡಿಸಿತು. ನಮ್ಮಲ್ಲಿ ಎಲೆನೋಟ ಎಂಬ ಪದ್ಧತಿಯಿದೆ. ಹೂಬಿಡುವ ಮುನ್ನ ಮನೆಯ ಹೆಂಗಸರು ಒಂದೊಂದು ಗಿಡದ ಎಲೆಯನ್ನು ಬಾಯಿಗೆ ಹಾಕಿ ನೋಡಿ, ಕಹಿಯಾದದ್ದನ್ನು ಕಿತ್ತೆಸೆಯುತ್ತಾರೆ. ಮಕ್ಕಳು ಮುಖ ಸಿಂಡರಿಸದೆ ಉಣ್ಣಲಿ ಎಂದು! ತಲೆಮಾರುಗಟ್ಟಲೆ ಹೀಗೇ ನಡೆದು ಬೀಜಕ್ಕೆ ಸಿಹಿಯೊಂದೇ ಉಳಿಯಿತು.

ಎಲ್ಲಾದರೂ ಒಂದು ಕಹಿ ಗಿಡ ತಪ್ಪಿ ಹುಟ್ಟೀತೆಂದು ನಾನು ವರ್ಷಗಳಿಂದ ಎಲೆನೋಟ ಬಿಟ್ಟಿದ್ದೆ. ಹಾಲವ್ವನ ನಾಲಿಗೆ ಕೆಟ್ಟಿದೆ ಎಂದು ಓಣಿಯವರು ನಗುತ್ತಿದ್ದರು. ಈ ಸಲ ಹುಟ್ಟಿತು. ನೆಲಮನೆಯ ಬಾಗಿಲಲ್ಲಿ, ಬಿಸಿಲಿಗೆ ಅಡ್ಡ ಕಟ್ಟಿದ ಪರದೆಯ ನೆರಳಿನ ಮಡಿಯ ಮೂಲೆಯಲ್ಲಿ. ಎಲೆಯ ತುದಿ ಕಚ್ಚಿದರೆ ಬಾಯೆಲ್ಲ ಕಹಿ. ಸಂತೋಷಕ್ಕೆ ಅಲ್ಲೇ ಕೂತು ಅತ್ತೆ. ಬೀಜ ಕಟ್ಟಲಿ, ಮುಂದಿನ ಸಲ ಇಡೀ ಮಡಿ ಇದನ್ನೇ ಬಿತ್ತಿ ಮಗಳಿಗೆ ಉಣಿಸುತ್ತೇನೆ ಎಂದುಕೊಂಡೆ. ಅವಳಿಗೆ ಮಾತ್ರ ಹೇಳಲಿಲ್ಲ. ಬೀಜ ಕಟ್ಟದೇ ಹೋದರೆ ಆಸೆ ತೋರಿಸಿ ಕಸಿದಂತಾಗುತ್ತದೆ.

ಮೊನ್ನೆ ಅವಳು ತವರಿಗೆ ಬಂದಳು. ನಾನು ನೀರಿಗೆ ಹೋದಾಗ, ಅವ್ವನಿಗೆ ಆಸರೆಯಾಗಲೆಂದು ಏದುಸಿರು ಬಿಡುತ್ತಲೇ ಎಲೆನೋಟ ಮುಗಿಸಿದ್ದಳು. ನನ್ನನ್ನು ಕಂಡು ನಕ್ಕು ಹೇಳಿದಳು: "ಅವ್ವಾ, ನಿನ್ನ ಮಡಿಯಾಗ ಒಂದು ಕಹಿ ಗಿಡ ಇತ್ತ ನೋಡು. ಕಿತ್ತ ಒಗದೇನಿ. ಇಷ್ಟ ದಿನಾ ನಿನಗ ಹೆಂಗ ಗೊತ್ತಾಗಲಿಲ್ಲ?"

ಗಿಡ ಬಿಸಿಲಿಗೆ ಬಾಡಿಹೋಗಿತ್ತು. ಇನ್ನೂ ಹೂವೂ ಬಿಟ್ಟಿರಲಿಲ್ಲ. "ಚಲೋ ಮಾಡಿದಿ ಬಿಡವಾ" ಎಂದೆ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಕಹಿಯೆಂದು ಮಗು ತಟ್ಟೆ ತಳ್ಳಿದರೆ ತಳ್ಳಲಿ, ಅತ್ತರೆ ಅಳಲಿ. ಒಂದು ಗಿಡವನ್ನಾದರೂ ಬೀಜಕ್ಕೆ ಬಿಡಿ. ನೀವು ಬಿಡಲಿಲ್ಲವೆಂಬುದು ನನಗೆ ಗೊತ್ತು. ಆದರೂ ಕೇಳುತ್ತೇನೆ.

ಆ ಬಾಡಿದ ಎಲೆಗಳನ್ನು ಅಂದೇ ಅವಳ ಪಲ್ಯಕ್ಕೆ ಹಾಕಿದೆ. ಒಂದು ತುತ್ತಿಗೇ ಮುಖ ಸಿಂಡರಿಸಿ ತಟ್ಟೆ ಸರಿಸಿದಳು. ನಾನು ಎದ್ದು ಹೋಗಿ ಬೇರೆ ಪಲ್ಯ ತಂದು ಬಡಿಸಿದೆ.