ಶನಿವಾರ ಪ್ರಕಟಿಸಲಾಗುವುದು

ಜೂನ್ 3, ಮಂಗಳವಾರ

ಇವತ್ತೂ ಕಾಲೇಜಿಗೆ ಚಕ್ಕರ್. ಎಂದಿನಂತೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಘನ ಉಪಸ್ಥಿತಿ. ಅಲ್ಲಿ ನಗರಸಭೆಯ ಉಚಿತ ವೈಫೈ. ಕಂಬದ ಮೇಲೊಂದು ಬಿಳಿ ಡಬ್ಬಿ, ಅದರ ಕೆಳಗೆ ಅರ್ಧ ವಾರ್ಡು. ಕ್ಷೌರದಂಗಡಿಯವನು, ರಿಟೈರ್ ಆದ ಮೇಷ್ಟ್ರು, ನಮ್ಮ ಕೆಳಮನೆಯ ಟೈಲರಮ್ಮ. ಎಲ್ಲರೂ ಫೋನನ್ನು ಎದೆಗೆ ಅವಚಿಕೊಂಡೇ ನೋಡುತ್ತಾರೆ. ಏನು ನೋಡುತ್ತಾರೋ, ದೇವರಿಗೇ ಗೊತ್ತು.

ದೇವರಿಗೆ ಮಾತ್ರ ಯಾಕೆ ಗೊತ್ತಿರಬೇಕು?

ಸಂಜೆ ಟೈಪ್ ಮಾಡಿ ಪ್ರಿಂಟ್ ತೆಗೆದೆ — "ಸಾರ್ವಜನಿಕರ ಗಮನಕ್ಕೆ. ಈ ವೈಫೈಯಲ್ಲಿ ತಾವು ವೀಕ್ಷಿಸಿದ ಸಕಲ ವಿಷಯಗಳನ್ನು ಹೆಸರು ಸಮೇತ ಪ್ರತಿ ಶನಿವಾರ ವಾರ್ಡ್ ಕಚೇರಿಯ ಫಲಕದಲ್ಲಿ ಪ್ರಕಟಿಸಲಾಗುವುದು. ಸಹಕರಿಸಿ." ಸೀಲಿಗೆ ಜಾಮ್ ಬಾಟಲಿಯ ಮುಚ್ಚಳ, ನೇರಳೆ ಇಂಕು. ಸಹಿ — ಎರೆಹುಳು ಒದ್ದಾಡಿದ ಹಾಗೆ. ಅಸಲಿಗಿಂತ ಅಸಲಿ.

ಜೂನ್ 4, ಬುಧವಾರ

ಬೆಳಕು ಹರಿಯುವ ಮುಂಚೆ ಅಂಟಿಸಿ ಬಂದೆ. ಹತ್ತು ಗಂಟೆಗೆ ಕಂಬದ ಸುತ್ತ ಜಾತ್ರೆ.

ಅತ್ತಿಗೆಯೂ ಬಂದರು. ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು, ತರಕಾರಿ ಚೀಲ ಹಿಡಿದು, ದಿನಾ ಕಟ್ಟೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. ಮನೆಯಲ್ಲಿ ನೆಟ್ ಪ್ಯಾಕ್ ಅಣ್ಣನ ಫೋನಿಗೆ ಮಾತ್ರ.

"ಏನೋ ಅದು? ಕಣ್ಣುರಿ ಕಣೋ, ಓದಿ ಹೇಳು."

ಅತ್ತಿಗೆಗೆ ಯಾವಾಗಲೂ ಕಣ್ಣುರಿ. ಸ್ಕೂಲಿನ ಚೀಟಿ, ಔಷಧಿ ಡಬ್ಬಿ, ಕರೆಂಟ್ ಬಿಲ್ಲು — ಎಲ್ಲ ಓದಿ ಹೇಳುವುದು ನನ್ನ ಗೌರವ ಹುದ್ದೆ. ಗಂಟಲು ಸರಿಮಾಡಿಕೊಂಡು ವಾರ್ತೆ ಓದುವವರ ಧ್ವನಿಯಲ್ಲಿ ಓದಿದೆ.

"ಹೆಸರು ಸಮೇತಾನಾ?"

"ಹೆಸರು, ಮನೆ ನಂಬರು, ಗಂಡನ ಹೆಸರು."

ಗಂಡನ ಹೆಸರು ನೋಟಿಸಿನಲ್ಲಿ ಇರಲೇ ಇಲ್ಲ. ನಿಂತಲ್ಲೇ ಸೇರಿಸಿದ್ದು. ಕಲೆ ಅಂದರೆ ಅದು!

ಅತ್ತಿಗೆ ಫೋನನ್ನು ಚೀಲದ ತಳಕ್ಕೆ ತುರುಕಿ ಹೊರಟೇ ಬಿಟ್ಟರು. ಮನೆಗೆ ಖಾಲಿ ಚೀಲ ಬಂತು.

ಜೂನ್ 7, ಶನಿವಾರ

ಐತಿಹಾಸಿಕ ದಿನ. ವಾರ್ಡ್ ಕಚೇರಿಯ ಬೋರ್ಡಿನ ಮುಂದೆ ನೂಕುನುಗ್ಗಲು. ಕ್ಷೌರದಂಗಡಿಯವನು, "ನಂದೇನೂ ಇಲ್ಲಪ್ಪ, ಬೇರೆಯವರದ್ದು ನೋಡಿ ಹೋಗೋಣಾಂತ ಬಂದೆ." ಎಲ್ಲರೂ ಅದನ್ನೇ ಹೇಳಿದರು. ಬೋರ್ಡಿನಲ್ಲಿ ಇದ್ದದ್ದು ನಾಯಿಗಳಿಗೆ ಚುಚ್ಚುಮದ್ದಿನ ಪ್ರಕಟಣೆ. ಅದರಲ್ಲೂ ಹೆಸರು ಹುಡುಕಿದರು.

ಟೈಲರಮ್ಮ ಊರಿಗೆಲ್ಲ ಕೇಳುವಂತೆ, "ಕೌನ್ಸಿಲರ್‌ದೂ ಇದ್ದಿರುತ್ತೆ, ಅದಕ್ಕೇ ಹಾಕಿಲ್ಲ. ದೊಡ್ಡವರದ್ದು ಯಾವತ್ತು ಹೊರಗೆ ಬಂದಿದೆ?"

ಕೌನ್ಸಿಲರ್ ಒಳಗೆ ಕುತ್ತಿಗೆ ಒರೆಸಿಕೊಳ್ಳುತ್ತ ಕ್ಲರ್ಕ್ ಮೇಡಂ ಕಿವಿಯಲ್ಲಿ ಕೇಳಿದ್ದನ್ನು ಕಿಟಕಿಯಿಂದ ಈ ಕಿವಿಯಾರೆ ಕೇಳಿದೆ — "ನಮ್ಮದೂ ಬರುತ್ತೇನ್ರೀ?"

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಬದುಕು ಸಾರ್ಥಕ.

ಜೂನ್ 10, ಮಂಗಳವಾರ

ಕಚೇರಿಯವರು ನನ್ನದನ್ನು ಕಿತ್ತು ಬೇರೆ ಅಂಟಿಸಿದ್ದಾರೆ — ಆ ನೋಟಿಸು ನಕಲಿ, ಯಾರೂ ನಂಬಬೇಡಿ.

ಮೇಷ್ಟ್ರು ತೀರ್ಪು ಕೊಟ್ಟರು, "ಸುಳ್ಳು ಅಂತ ಅವರೇ ಬಂದು ಹೇಳ್ತಿದ್ದಾರೆ ಅಂದ್ರೆ ನಿಜ ಅಂತಲೇ ಅರ್ಥ ಕಣಯ್ಯ."

ಕಟ್ಟೆ ಖಾಲಿ. ಇಡೀ ವೈಫೈ ನನ್ನೊಬ್ಬನಿಗೆ. ಏನು ಸ್ಪೀಡು! ಚಕ್ರವರ್ತಿಯ ಹಾಗೆ ಕಾಲು ಚಾಚಿ ಕೂತೆ. ಮಾತಾಡಿಸಲು ಒಂದು ನರಪಿಳ್ಳೆ ಇಲ್ಲ… ಸ್ವಲ್ಪ ಬೋರು.

ಜೂನ್ 19, ಗುರುವಾರ

ಪುಟ್ಟಿ ಅತ್ತಿಗೆಯ ಫೋನ್ ತಂದಳು, ಗೇಮ್ ಹಾಕಿಕೊಡು ಅಂತ. ತೆರೆದರೆ ಸಾಲು ಸಾಲು ವಿಡಿಯೋ. ಅ ಆ ಇ ಈ. ಕಾಗುಣಿತ. ಒತ್ತಕ್ಷರ, ಪಾಠ ಒಂದು.

"ಏನೇ ಪಂಡಿತೆ, ಇಷ್ಟೊಂದು ಪಾಠ?"

"ನಂದಲ್ಲ ಚಿಕ್ಕಪ್ಪ. ನಂಗೆ ಎಲ್ಲಾ ಬರುತ್ತೆ. ಅಮ್ಮಂದು. ಅಮ್ಮಂಗೆ ಒತ್ತಕ್ಷರ ಬರಲ್ಲ. ಟ್ಯಾಂಕ್ ಹತ್ರ ಕೂತು ಕಲೀತಿದ್ಲು, ಈಗ ಬಿಟ್ಬಿಟ್ಟಿದಾಳೆ." ಆಮೇಲೆ ನಾಲಿಗೆ ಕಚ್ಚಿಕೊಂಡು — "ಯಾರಿಗೂ ಹೇಳ್ಬಾರ್ದಂತೆ. ಅಪ್ಪಂಗೂ."

ಮದುವೆಯಲ್ಲಿ ಹತ್ತನೇ ಕ್ಲಾಸ್ ಪಾಸ್ ಅಂದಿದ್ದರು. ಅಂದಿನಿಂದಲೂ ಕಣ್ಣುರಿ. ಒಂದೇ ಮನೆಯಲ್ಲಿದ್ದೂ ಒಂದು ದಿನ ಅನುಮಾನ ಬರಲಿಲ್ಲ ನನಗೆ. ಊರವರ ಫೋನಿನಲ್ಲಿ ಏನಿದೆ ಅಂತ ಮಾತ್ರ ಕುತೂಹಲ.

ಆ ನೋಟಿಸನ್ನು ಅವರು ಓದಿಯೇ ಇರಲಿಲ್ಲ. ಹೆದರಿಸಿದ್ದು ಕಾಗದವಲ್ಲ. ನನ್ನ ಬಾಯಿ. ಗಂಡನ ಹೆಸರು ಅಂದೆನಲ್ಲ… ಥೂ.

ಇವತ್ತು ಊಟ ಸೇರಲಿಲ್ಲ. ಹುಷಾರಿಲ್ವಾ ಅಂತ ಅತ್ತಿಗೆಯೇ ಹಣೆ ಮುಟ್ಟಿ ನೋಡಿದರು.

ಜೂನ್ 23, ಸೋಮವಾರ

ವಾರ್ಡ್ ಕಚೇರಿಗೆ ಹೋದೆ. ಕ್ಲರ್ಕ್ ಮೇಡಂ ಮುಂದೆ ನಿಂತು, ನಾನೇ ಅಂಟಿಸಿದ್ದು ಅಂದೆ. ಪೊಲೀಸ್ ಕರೆಯುತ್ತಾರೆ ಅಂದುಕೊಂಡಿದ್ದೆ. ಕರೆದಿದ್ದರೆ ಚೆನ್ನಾಗಿತ್ತು.

"ಯಾರೂ ಬಳಸ್ತಿಲ್ಲ ಅಂತ ಹೋದ ವಾರವೇ ಮೀಟಿಂಗಲ್ಲಿ ತೀರ್ಮಾನ ಆಯ್ತಪ್ಪ. ನಾಳೆ ಡಬ್ಬಿ ಮಾರ್ಕೆಟ್ ರೋಡಿಗೆ ಹೋಗುತ್ತೆ. ಎಷ್ಟು ಜನರ ಕಾಲು ಹಿಡಿದು ತರಿಸಿದ್ದೆ ಗೊತ್ತಾ ನಿಂಗೆ?"

"ಉಳಿಸೋಕೆ ಏನ್ ಮಾಡ್ಬೇಕು ಮೇಡಂ?"

"ಬೇಕು ಅಂತ ಜನ ಬಂದು ಹೇಳ್ಲಿ. ಕರ್ಕೊಂಡು ಬಾ, ನೋಡೋಣ."

ಓಡಿದೆ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸದೆ, "ಬೇಕು ಅಂದ್ರೆ ಏನೋ ನೋಡ್ತಿದ್ದೆ ಅಂತ ಒಪ್ಕೊಂಡ ಹಾಗಾಗಲ್ವಾ?" ಮೇಷ್ಟ್ರು ತಾವು ಪೇಪರ್ ಬಿಟ್ಟು ಬೇರೇನೂ ಓದುವವರಲ್ಲ ಅಂದರು. ನೋಟಿಸು ಬರೆದವನೇ ನಾನು ಅಂದರೆ — "ಹೀಗೆ ಹೇಳು ಅಂತ ಕೌನ್ಸಿಲರ್ ಕಳಿಸಿದ್ನಾ?"

ಜೀವಮಾನದಲ್ಲಿ ಮೊದಲ ಸಲ ಅಷ್ಟೊಂದು ನಿಜ ಹೇಳಿದೆ. ಒಬ್ಬರೂ ನಂಬಲಿಲ್ಲ.

ಜೂನ್ 24, ಮಂಗಳವಾರ

ಏಣಿ ಹಾಕಿ ಡಬ್ಬಿ ಇಳಿಸಿದರು. ಐದು ನಿಮಿಷದ ಕೆಲಸ.

ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಅವರ ಗುಟ್ಟು ನನಗೆ ಗೊತ್ತು ಅನ್ನುವುದನ್ನು ಮಾತ್ರ ನುಂಗಿಕೊಂಡು ಉಳಿದದ್ದು ಹೇಳಿದೆ.

"ಅತ್ತಿಗೆ, ಆ ನೋಟಿಸು ನಾನೇ ಬರೆದದ್ದು. ಬರೀ ಸುಳ್ಳು."

ಚಾಕು ನಿಂತಿತು. "ಗಂಡನ ಹೆಸರು ಹಾಕ್ತಾರೆ ಅಂದಿದ್ದು?"

"ಅದೂ."

"ಓದುವಾಗ ನಗು ಬರಲಿಲ್ವಾ ನಿಂಗೆ?"

"ತಡ್ಕೊಂಡಿದ್ದೆ."

ಬಯ್ಯಲಿಲ್ಲ. ಸೌಟು ತೆಗೆದುಕೊಂಡು ನಾಲ್ಕು ಬಿಡಬಾರದಾಗಿತ್ತೇ…

"ಹಾಗಾದ್ರೆ ಇಷ್ಟು ವರ್ಷ ಓದಿ ಹೇಳಿದ್ರಲ್ಲಿ ಇನ್ನು ಯಾವ್ಯಾವ್ದು ಸುಳ್ಳು?"

"ಯಾವುದೂ ಇಲ್ಲ ಅತ್ತಿಗೆ. ನನ್ನಾಣೆ."

"ಅದು ನಂಗೆ ಹೇಗೆ ಗೊತ್ತಾಗ್ಬೇಕು?"

ಪುಟ್ಟಿಯ ಸ್ಕೂಲಿನಿಂದ ಇವತ್ತೊಂದು ಕಾಗದ ಬಂದಿತ್ತು. ಸ್ಟೋವ್ ಪಕ್ಕದಲ್ಲೇ ಇತ್ತು. ರೂಢಿಯಂತೆ ಕೈ ಚಾಚಿದೆ, "ಕೊಡಿ, ಓದ್ತೀನಿ."

ಕಾಗದವನ್ನು ಅವರೇ ತೆಗೆದುಕೊಂಡರು. ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಕೆಳಗಿಳಿದರು. ಟೈಲರಮ್ಮನ ಬಾಗಿಲಿಗೆ. ಅವಳ ಕಿವಿಗೆ ಬಿದ್ದದ್ದಕ್ಕೆ ಬೇರೆ ಬೋರ್ಡು ಬೇಡ, ಶನಿವಾರವೂ ಬೇಡ. ಗೊತ್ತಿದ್ದೂ ಹೋದರು.

ಮೆಟ್ಟಿಲ ಮೇಲೆ ನಿಂತೆ.

"ನಂಗೆ ಓದೋಕೆ ಬರಲ್ಲ ಅಕ್ಕ. ಇದೊಂಚೂರು ಏನೂಂತ ಹೇಳ್ತೀರಾ?"

ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಆಮೇಲೆ ಟೈಲರಮ್ಮ, ಮೆಟ್ಟಿಲ ಮೇಲಿದ್ದ ನನಗೂ ಕೇಳದಷ್ಟು ಮೆಲ್ಲಗೆ, ಓದಿ ಹೇಳತೊಡಗಿದಳು.